ಶಿವಲಿಂಗನ ಬಲಗಣ್ಣು

ಅಥವಾ ನಾನು ನಕ್ಕೇ ಇರಲಿಕ್ಕಿಲ್ಲ. ಲಕ್ಕವ್ವ ಕೆಲಸಕ್ಕೆ ಬಂದ ಮೊದಲ ದಿನ ನಾನು ಎಲ್ಲರೆದುರು ನಕ್ಕೆ ಎಂದು ನಮ್ಮ ಮಾಲೀಕರಾದ ಮಹಾಂತೇಶ ಸಾವುಕಾರರು ಹೇಳುತ್ತಾರೆ. ಲಕ್ಕವ್ವನನ್ನು ಕೇಳಿದರೆ, "ಇಲ್ರಿ ಕಾಕಾ, ನೀವು ಚಾ ತರಿಸಿ ಕೊಟ್ರಿ," ಎನ್ನುತ್ತಾಳೆ. ನನಗೆ ನೆನಪಿರುವುದು ಬೇರೆಯೇ. ನಾನು ನಗಲಿಲ್ಲ, ಚಹಾ ತರಿಸಲಿಲ್ಲ, ಆಕೆಯ ಕಡೆ ತಿರುಗದೆ ಪರದೆಯ ಮೇಲಿನ ಒಂದು ಕಿವಿಯ ಮಡಿಕೆಗಳನ್ನು ತಿದ್ದುತ್ತ ಕೂತಿದ್ದೆ. ಮೂವರಲ್ಲಿ ಇಬ್ಬರಾದರೂ ತಪ್ಪು ಹೇಳುತ್ತಿದ್ದೇವೆ. ಆ ಇಬ್ಬರಲ್ಲಿ ನಾನೂ ಒಬ್ಬನಿರಬಹುದು. ಆಕೆಯ ವಿಷಯದಲ್ಲಿ ನನ್ನ ನೆನಪು ಎಂದೂ ನೆಟ್ಟಗೆ ನಡೆದಿಲ್ಲ. ಅದು ಹೊಟ್ಟೆಕಿಚ್ಚಿನವನ ನೆನಪು.

ಈಗ ರಬಕವಿಯಲ್ಲಿ ಈ ಕೆಲಸ ಕಲಿಸುವ ತರಗತಿಯೊಂದು ಶುರುವಾಗಿದೆ. ನಡೆಸುವವಳು ಅದೇ ಲಕ್ಕವ್ವ. ಹೋದ ತಿಂಗಳು ಫೋನ್ ಮಾಡಿದ್ದಳು: "ಕಾಕಾ, ಹೊಸಾ ಹುಡುಗ್ರು ಬಂದಾರ. ಕೆಲಸಾ ಖರೆ ಹೆಂಗಿತ್ತಂತ ಬರದ ಕೊಡ್ರಿ. ಭಾಷಣಾ ಬ್ಯಾಡ." ಬರೆಯುತ್ತಿದ್ದೇನೆ. ಇದನ್ನು ಮೊದಲು ಓದುವವಳು ಆಕೆಯೇ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನನ್ನ ನಿವೃತ್ತಿಗೆ ಒಂದು ವರ್ಷ ಮುಂಚೆ ನಾವಿಬ್ಬರೂ ಒಂದೇ ಮನುಷ್ಯನ ತಲೆ ಮಾಡಿದೆವು, ನನ್ನದು ಗೆದ್ದಿತು. ಆ ಗೆಲುವಿನ ಬಗ್ಗೆ ನನಗಿರುವ ಅನುಮಾನವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವಿದೆ. ಆಟ ಎಂದರೆ ಹಾರಿಸುವವರಿಗೆ ಸಿಟ್ಟು ಬರುತ್ತದೆ, ಫ್ಲೈಟ್ ಸಿಮ್ಯುಲೇಟರ್ ಎನ್ನಬೇಕು. ಅದರೊಳಗಿನ ವಿಮಾನಗಳನ್ನು ಬೇರೆ ಬೇರೆ ದೇಶಗಳ ಸಣ್ಣ ಕಂಪನಿಗಳು ತಯಾರಿಸುತ್ತವೆ. ರೆಕ್ಕೆ, ಗುಂಡಿ, ಗಡಿಯಾರದ ಮುಳ್ಳು ಎಲ್ಲವನ್ನೂ ಪ್ರಾಣ ಕೊಟ್ಟು ಮಾಡುತ್ತಾರೆ. ಕಾಕ್‌ಪಿಟ್ಟಿನಲ್ಲಿ ಕೂತ ಮನುಷ್ಯನ ತಲೆಗೆ ಮಾತ್ರ ಅವರಿಗೆ ಪುರುಸೊತ್ತಿರುವುದಿಲ್ಲ. ಮಹಾಂತೇಶ ಸಾವುಕಾರರದು ನೂಲಿನ ವ್ಯಾಪಾರ, ಆದರೆ ಸಂಜೆಯಾದರೆ ಈ ವಿಮಾನಗಳ ಹುಚ್ಚು. ಒಮ್ಮೆ ಅಂಥ ಒಂದು ಕಂಪನಿಗೆ ಅವರು, ನಿಮ್ಮ ಪೈಲಟ್ಟಿನ ತಲೆ ಬದನೆಕಾಯಿಯ ಹಾಗಿದೆ ಎಂದು ಬರೆದರಂತೆ. ಹಾಗಾದರೆ ನೀವೇ ಮಾಡಿಕೊಡಿ ಎಂದು ಉತ್ತರ ಬಂತಂತೆ. ಬನಹಟ್ಟಿಯಲ್ಲಿ ನೂಲಿನ ಗೋದಾಮಿನ ಮೇಲಿನ ಕೋಣೆಯಲ್ಲಿ ನಮ್ಮ ಕಚೇರಿ ಶುರುವಾದದ್ದು ಹೀಗೆ. ಸಾವುಕಾರರು ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಾರೆ, ಪ್ರತಿ ಸಲ ತರಕಾರಿ ಬದಲಾಗುತ್ತದೆ.

ನಾನು ಅದಕ್ಕೆ ಮುಂಚೆ ಜಮಖಂಡಿಯ ಒಂದು ಫೋಟೋ ಸ್ಟುಡಿಯೋದಲ್ಲಿದ್ದೆ. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ಮುಖದ ಕಲೆ, ಗುಳಿ, ಮೊಡವೆ ಅಳಿಸುವುದು ನನ್ನ ಕೆಲಸ. ನಾನು ತಿದ್ದಿದ ಫೋಟೋ ನೋಡಿ ಎಷ್ಟೋ ಲಗ್ನಗಳು ಕೂಡಿಬಂದಿವೆ. ಮುಖವನ್ನು ಚಂದ ಮಾಡುವುದೇ ಮುಖದ ಕೆಲಸ ಎಂದು ನನ್ನ ಕೈ ಕಲಿತುಬಿಟ್ಟಿತ್ತು. ಆ ಕೈಯನ್ನೇ ಹಿಡಿದುಕೊಂಡು ಬನಹಟ್ಟಿಗೆ ಬಂದೆ.

ಈಗಿನವರಿಗೆ ನಮ್ಮ ವಿಧಾನ ಕೇಳಿದರೆ ನಗು ಬರಬಹುದು. ಮನುಷ್ಯನನ್ನು ಸ್ಟೂಲಿನ ಮೇಲೆ ಕೂಡಿಸಿ ಎದುರಿನಿಂದ, ಎರಡೂ ಬದಿಯಿಂದ, ಓರೆಯಿಂದ ಫೋಟೋ ತೆಗೆಯುತ್ತಿದ್ದೆವು. ದೂರ ನಿಂತು ಲೆನ್ಸು ಎಳೆದು ತೆಗೆಯಬೇಕು. ಹತ್ತಿರ ಹೋದರೆ ಮೂಗು ಬೆಳೆಯುತ್ತದೆ, ಕಿವಿ ಹಿಂದಕ್ಕೆ ಓಡುತ್ತದೆ. ಆಮೇಲೆ ಪರದೆಯ ಮೇಲೆ ಫೋಟೋವನ್ನು ಹಾಸಿ, ಅದರ ಮೇಲೆ ಚುಕ್ಕಿಗಳ ಬಲೆ ಹೆಣೆದು, ಒಂದೊಂದೇ ಚುಕ್ಕಿ ಹಿಡಿದು ಎಳೆದು ತಲೆಯ ಆಕಾರ ತರಬೇಕು. ಕೊನೆಗೆ ಅದೇ ಫೋಟೋಗಳನ್ನು ಚರ್ಮದಂತೆ ಸುತ್ತಬೇಕು. ಪಕ್ಕದ ಗೋಡೆಯಾಚೆ ಪಾವರ್‌ಲೂಮುಗಳು. ನೆಲ ಸದಾ ನಡುಗುತ್ತಿತ್ತು, ಅದರೊಂದಿಗೆ ನಮ್ಮ ಕೈಯೊಳಗಿನ, ಚುಕ್ಕಿ ಎಳೆಯುವ ಪೆನ್ನೂ. ಒಂದು ತಲೆಗೆ ಎರಡು ವಾರ ಹಿಡಿಯುತ್ತಿತ್ತು. ಈಗ ಫೋನ್ ಹಿಡಿದು ಮನುಷ್ಯನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಯಂತ್ರವೇ ತಲೆ ಕಟ್ಟಿಕೊಡುತ್ತದೆ.

ಒಂದು ಸವಲತ್ತು ಮಾತ್ರ ಆಗಲೂ ಇತ್ತು. ಅರ್ಧ ಮುಖ ಮಾಡಿ ಒಂದು ಗುಂಡಿ ಒತ್ತಿದರೆ ಉಳಿದರ್ಧ ಕನ್ನಡಿಯಲ್ಲಿ ಕಂಡಂತೆ ತಾನೇ ಮೂಡುತ್ತಿತ್ತು. ಅದನ್ನು ಕನ್ನಡಿ ಗುಂಡಿ ಎಂದು ಕರೆಯುತ್ತಿದ್ದೆವು. ನಾನು ಎಲ್ಲ ತಲೆಗಳನ್ನೂ ಹಾಗೆಯೇ ಮಾಡುತ್ತಿದ್ದೆ. ಕಂಪನಿಯವರು ಒಪ್ಪಿಕೊಳ್ಳುತ್ತಿದ್ದರು. ನನ್ನಷ್ಟು ಅಚ್ಚುಕಟ್ಟಾಗಿ ಮಾಡುವವರು ಇಲ್ಲ ಎಂದು ನಾನು ತಿಳಿದಿದ್ದೆ, ಏಕೆಂದರೆ ಮಾಡುವವನು ನಾನೊಬ್ಬನೇ ಇದ್ದೆ.

ಲಕ್ಕವ್ವ ಬಂದದ್ದು ಆಗ. ಬೀಳಗಿ ಕಡೆಯ ಕುರಿ ಸಾಕುವವರ ಮನೆತನ, ರಬಕವಿಗೆ ಕೊಟ್ಟಿದ್ದರು. ವಯಸ್ಸು ಮೂವತ್ತರ ಹತ್ತಿರ, ಸಾಲಿಗೆ ಹೋಗುವ ಮಗನಿದ್ದ. ಮುಧೋಳದಲ್ಲಿ ಕಂಪ್ಯೂಟರ್ ಕಲಿತಿದ್ದಳು. ಚಿತ್ರ ಬರೆಯಲು ಎಲ್ಲಿ ಕಲಿತೆ ಎಂದು ಕಿವಿ ತಿದ್ದುತ್ತಲೇ ಕೇಳಿದೆ.

"ಚಿತ್ರಾ ಬರಂಗಿಲ್ರಿ ನನಗ."

"ಮತ್ತ ಇಲ್ಲಿ ಬಂದು ಏನ ಮಾಡ್ತೀ?"

"ಮಾರಿ ನೋಡಾಕ ಬರತೈತ್ರಿ. ನಮ್ಮಪ್ಪನ ಕುರಿ ಮಂದಿ ಹಿಂಡಿನ್ಯಾಗ ಕೂಡಿದ್ರ ನಾನ ಹೋಗಿ ಮಾರಿ ನೋಡಿ ಹಿಡಕೊಂಡ ಬರತಿದ್ನಿ."

"ಕುರಿ ಮಾರಿ, ಮನಷ್ಯಾನ ಮಾರಿ ಒಂದ ಏನಬೇ?"

"ಒಂದ ಹೆಂಗ ಆಗತೈತ್ರಿ ಕಾಕಾ? ಕುರಿ ಸುಮ್ನ ನಿಂದರತೈತಿ. ಛಲೋ ಕಾಣ್ಲಿ ಅಂತ ಮಾರಿ ಮಾಡೂದಿಲ್ಲ."

ಸಾವುಕಾರರು ಜೋರಾಗಿ ನಕ್ಕರು. ಬಹುಶಃ ಆ ನಗುವನ್ನೇ ಅವರು ಈಗ ನನ್ನ ತಲೆಗೆ ಕಟ್ಟುತ್ತಿದ್ದಾರೆ.

ಆಕೆ ಬಂದ ಎರಡನೆಯ ವಾರದಲ್ಲಿ ನನ್ನ ಅತಿ ದೊಡ್ಡ ಎಡವಟ್ಟು ಬಯಲಾಯಿತು. ಹಳೆಯ ಕಾಲದ ವಿಮಾನಗಳಲ್ಲಿ ಪೈಲಟ್ಟುಗಳ ಹಿಂದೆ ಇಂಜಿನಿಯರ್ ಒಬ್ಬ ಕೂರುತ್ತಿದ್ದ. ಅಂಥ ಒಬ್ಬ ಹಿರಿಯನ ತಲೆ ಬೇಕಾಗಿತ್ತು, ನಮ್ಮ ದೇಶದ ಮುಖವೇ ಆಗಬೇಕಿತ್ತು. ಬನಹಟ್ಟಿಯ ಗುರುಪಾದಪ್ಪನವರು ಎಂಬ ನೇಕಾರರನ್ನು ಒಪ್ಪಿಸಿ ಕರೆತಂದೆ. ಹಣೆಯ ತುಂಬ ವಿಭೂತಿ. ಫೋಟೋಕ್ಕಾಗಿ ಸ್ವಲ್ಪ ಒರೆಸಿಕೊಳ್ಳಿ ಎಂದೆ.

"ಏನಂದಿ? ಸತ್ತಾಗೂ ಇದನ್ನ ಹಚ್ಚೇ ಕುಂಡರಸ್ತಾರ. ಜೀವಂತ ಇದ್ದಾಗ ನೀ ಅಳಸಂತೀಯಲ್ಲೋ?"

ಹಾಗೆಯೇ ಫೋಟೋ ತೆಗೆದೆ. ವಿಭೂತಿಯನ್ನು ಕಂಪ್ಯೂಟರಿನಲ್ಲಿ ಅಳಿಸಿದೆ. ಸ್ಟುಡಿಯೋದ ಕೈ, ಗುರುತೂ ಉಳಿಯಲಿಲ್ಲ. ತಲೆ ಹೋಯಿತು, ವಿಮಾನ ಮಾರಾಟಕ್ಕೂ ಬಂತು. ಆಮೇಲೆ ಕಂಪನಿಯಿಂದ ಕಾಗದ ಬಂತು: ಹಾರಾಟದಲ್ಲಿ ಸೂರ್ಯ ಹುಟ್ಟುವಾಗ, ಬದಿಯಿಂದ ಬೆಳಕು ಬಿದ್ದರೆ, ನಿಮ್ಮ ಇಂಜಿನಿಯರನ ಹಣೆಯ ಮೇಲೆ ಮೂರು ಉದ್ದನೆಯ ಬಾವು ಕಾಣುತ್ತವೆ, ಇದೇನು, ಪೆಟ್ಟು ಬಿದ್ದಿದೆಯೇ?

ಸಾವುಕಾರರು ತಾವೇ ವಿಮಾನ ಹಾರಿಸಿ, ಸೂರ್ಯನನ್ನು ಹುಟ್ಟಿಸಿ ನೋಡಿದರು. "ರುದ್ರಪ್ಪನವರ, ಬರ್ರಿಲ್ಲೆ! ನಿಮ್ಮ ಇಂಜಿನಿಯರ್ ವಿಭೂತಿ ಹಚಗೊಂಡ ಸಮುದ್ರಾ ದಾಟಾಕತ್ತಾನ."

ನಾನು ಒಂದು ದಿನವೆಲ್ಲ ಹುಡುಕಿದೆ. ಬಣ್ಣದಲ್ಲಿ ಎಲ್ಲೂ ವಿಭೂತಿ ಇಲ್ಲ. ಲಕ್ಕವ್ವ ಹಿಂದೆ ಬಂದು ನಿಂತಳು. "ಕಾಕಾ, ನೀವು ಬಣ್ಣಾ ಅಳಿಸೀರಿ, ಉಬ್ಬು ಅಳಿಸಿಲ್ರಿ," ಎಂದಳು. ಚರ್ಮದ ಉಬ್ಬುತಗ್ಗು ತೋರಿಸುವ ಪದರವೊಂದಿರುತ್ತದೆ. ಅದನ್ನು ನಾವು ಫೋಟೋದಿಂದಲೇ ತೆಗೆಯುತ್ತಿದ್ದೆವು. ಬಿಳಿ ಇದ್ದಲ್ಲಿ ಉಬ್ಬು, ಕಪ್ಪಿದ್ದಲ್ಲಿ ತಗ್ಗು ಎಂದು ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ನಾನು ಆ ಪದರವನ್ನು ಅಳಿಸುವ ಮೊದಲಿನ ಫೋಟೋದಿಂದ ತೆಗೆದಿದ್ದೆ. ಮೂರು ಪಟ್ಟಿ ವಿಭೂತಿ ಮೂರು ಏಣುಗಳಾಗಿ ಎದ್ದು ನಿಂತಿತ್ತು. ಹೊಸಬರು ಇದನ್ನು ನೆನಪಿಡಿ, ನಮ್ಮ ಕಡೆಯ ಹಣೆಗಳಿಗೆ ಇದು ಇಂದಿಗೂ ಆಗುವ ತಪ್ಪು.

ಆಕೆ ಸೊಕ್ಕಿನಿಂದ ಹೇಳಿರಲಿಲ್ಲ. ಸೊಕ್ಕಿನಿಂದ ಹೇಳಿದ್ದರೆ ನನಗೆ ಆರಾಮ ಇರುತ್ತಿತ್ತು. ಅಂದಿನಿಂದ ಆಕೆಯ ಪರದೆಯ ಕಡೆ ನೋಡದೆ ಇರಲು ನಾನು ಪಟ್ಟ ಕಷ್ಟ ದೊಡ್ಡದು. ನೀರು ಕುಡಿಯುವ ನೆಪದಲ್ಲಿ ಏಳುತ್ತಿದ್ದೆ, ನೋಡುತ್ತಿದ್ದೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕೆಲಸಗಾರನೊಬ್ಬನ ತಲೆ ಮಾಡುತ್ತಿದ್ದಳು. ಅರ್ಧ ಮಾಡಿ ತಿರುವುತ್ತಿರಲಿಲ್ಲ. ಎಡಗಡೆಯನ್ನು ಎಡಗಡೆಯಾಗಿ, ಬಲಗಡೆಯನ್ನು ಬಲಗಡೆಯಾಗಿ, ದುಪ್ಪಟ್ಟು ಸಮಯ ತೆಗೆದುಕೊಂಡು ಮಾಡುತ್ತಿದ್ದಳು. "ಕನ್ನಡಿ ಗುಂಡಿ ಒತ್ತಬಾರದೇನಬೇ, ಯಾಕ ಕೈ ನೋಯಿಸಗೋತಿ?" ಎಂದು ಹಿರಿಯನಂತೆ ಕೇಳಿದೆ. "ಒತ್ತಿದ್ರ ಇಂವಾ ಹೋಗಿಬಿಡತಾನ್ರಿ," ಎಂದಳು. ಆ ಮಾತು ನನಗೆ ಅರ್ಥವಾಯಿತು. ಅರ್ಥವಾಗದವನಂತೆ ಹೊರಗೆ ಹೋದೆ.

ಆಮೇಲೆ ಬಂತು ಕ್ಯಾಪ್ಟನ್ನಿನ ಕೆಲಸ. ಕಂಪನಿಯವರು ಹೊಸ ವಿಮಾನ ಮಾಡುತ್ತಿದ್ದರು. ಒಂದೇ ಮನುಷ್ಯನ ಎರಡು ತಲೆ ಮಾಡಿ, ಮಾಡಿದವರ ಹೆಸರು ಹಾಕದೆ ಕಳಿಸಿ ಎಂದರು. ಆಯ್ಕೆಯಾದ ಕೈಗೆ ಮುಂದಿನ ಎಲ್ಲ ಮುಖಗಳು. ಇನ್ನೊಂದು ಕೈಗೆ ಕೂದಲು, ಟೊಪ್ಪಿಗೆ, ಕಿವಿಗೆ ಹಾಕುವ ಹೆಡ್‌ಸೆಟ್ಟು. ನನಗೆ ಅದು ಕೊನೆಯ ವರ್ಷ. ಮುಖ ತಿದ್ದುತ್ತಲೇ ಬದುಕಿದವನು ಟೊಪ್ಪಿಗೆ ಹೊಲಿಯುತ್ತ ಮನೆಗೆ ಹೋಗಬೇಕೇ ಎಂಬುದು ನನ್ನ ಚಿಂತೆಯಾಗಿತ್ತು. ಆಕೆಯ ಚಿಂತೆ ಏನಿತ್ತು ಎಂದು ಆಗ ಯೋಚಿಸಲಿಲ್ಲ.

ಮುಖ ಯಾರದು? ನಾನೇ ಸೂಚಿಸಿದೆ: ನನ್ನ ಹೆಂಡತಿ ಗೌರವ್ವನ ತಮ್ಮ ಶಿವಲಿಂಗ. ಜಮಖಂಡಿ–ಮುಧೋಳ ದಾರಿಯಲ್ಲಿ ಸರಕಾರಿ ಬಸ್ ಓಡಿಸುತ್ತಿದ್ದ. ಅವನನ್ನು ಅವನ ಹುಡುಗತನದಿಂದ ನೋಡಿದ್ದೆ. ಲಕ್ಕವ್ವ ನೋಡುವುದು ಅರ್ಧ ಗಂಟೆ. ಇದು ಸರಿಯಾದ ಪೈಪೋಟಿ ಅಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕಾಗಿಯೇ ಸೂಚಿಸಿದ್ದು.

ಶಿವಲಿಂಗ ಖಾಕಿ ಬಟ್ಟೆಯಲ್ಲೇ ಬಂದ. "ಮಾಮಾ, ವಿಮಾನಾ ಹೊಡಿತೇನಿ ಖರೆ, ಸೀಟಿ ಊದಾಕ ಕಂಡಕ್ಟರ್ ಬೇಕಲ್ರಿ!" ಎಂದು ಎಲ್ಲರನ್ನೂ ನಗಿಸಿದ. ಸ್ಟೂಲಿನ ಮೇಲೆ ಕೂತವನೇ ಮುಖ ಬಿಗಿದುಕೊಂಡ, ಗುರುತಿನ ಚೀಟಿಯ ಫೋಟೋಕ್ಕೆ ಕೂತವರ ಹಾಗೆ. ನಾನು ಕ್ಯಾಮೆರಾ ಹಿಡಿದಿದ್ದೆ. ಲಕ್ಕವ್ವ ಬದಿಗೆ ನಿಂತು, "ಅಣ್ಣಾರ, ಕಾಕಾನ್ನ ನೋಡಬ್ಯಾಡ್ರಿ. ರೋಡ ನೋಡ್ರಿ. ಎದುರಿಗಿ ಎಮ್ಮಿ ಹಿಂಡ ಬಂದೈತಿ ಅನಕೋರಿ," ಎಂದಳು. ಶಿವಲಿಂಗನ ಮುಖ ಬೇರೆಯಾಯಿತು. ಬಾಯಿ ಸಡಿಲವಾಯಿತು, ಗದ್ದ ಒಂದಿಷ್ಟು ಮುಂದೆ ಬಂತು, ಕಣ್ಣು ದೂರಕ್ಕೆ ಹೋಯಿತು. ಆ ಕ್ಷಣ ಗುಂಡಿ ಒತ್ತಿದ್ದು ನಾನೇ. ಫೋಟೋ ನನ್ನವು, ಆದರೆ ಆ ಮುಖವನ್ನು ಕರೆದವಳು ಆಕೆ.

ಎರಡೂ ತಲೆ ತಯಾರಾದ ದಿನ ಗೌರವ್ವ ನನಗೆ ಊಟದ ಡಬ್ಬಿ ತಂದಿದ್ದಳು. ಜಮಖಂಡಿಯಿಂದ ಏನೋ ಕೆಲಸಕ್ಕೆ ಬಂದವಳು, ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು ಲಕ್ಕವ್ವನ ಪರದೆಯ ಮುಂದೆ ನಿಂತುಬಿಟ್ಟಳು.

"ಅಯ್ಯ, ಇಂವಾ ನಮ್ಮ ತಮ್ಮ! ಯಾಕ್ರಿ ಹಿಂಗ ನೋಡಾಕತ್ತಾನ? ಯಾರನರ ಬೈತಾನೇನ ಈಗ!"

ಲಕ್ಕವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಗೌರವ್ವನನ್ನು ನನ್ನ ಪರದೆಯ ಕಡೆ ಕರೆದೆ.

"ಇದು ಯಾರದ್ರಿ?"

"ನಿಮ್ಮ ತಮ್ಮಂದ."

"ಹೂಂ." ಸ್ವಲ್ಪ ಹೊತ್ತು ನೋಡಿದಳು. "ಲಗ್ನದ ಫೋಟೋದಾಗ ಹಿಂಗ ಇದ್ದ. ಛಲೋ ಐತ್ರಿ." ಡಬ್ಬಿ ಬಿಚ್ಚಿ ರೊಟ್ಟಿ ತೆಗೆದಳು.

ಶಿವಲಿಂಗನ ಬಲಗಣ್ಣು ಎಡಗಣ್ಣಿಗಿಂತ ಸಣ್ಣದು. ಹುಟ್ಟಿನಿಂದ ಹಾಗೆಯೇ ಇತ್ತಂತೆ. ಅವನ ಲಗ್ನದ ಫೋಟೋವನ್ನು ತೆಗೆದವನೂ ನಾನು, ತಿದ್ದಿದವನೂ ನಾನು. ಆಗ ಪೆನ್ಸಿಲಿನಿಂದ ಆ ಕಣ್ಣನ್ನು ಬಿಡಿಸಿ ದೊಡ್ಡದು ಮಾಡಿದ್ದೆ. ಮನೆಯವರೆಲ್ಲ ಮೆಚ್ಚಿದ್ದರು. ಆ ಫೋಟೋ ಅವರ ಪಡಸಾಲೆಯಲ್ಲಿ ತೂಗುತ್ತಿತ್ತು, ಹಬ್ಬಕ್ಕೆ ಹೋದಾಗಲೆಲ್ಲ ಅದರ ಕೆಳಗೇ ಕೂತು ಉಂಡಿದ್ದೇನೆ. ಇಷ್ಟು ವರ್ಷ ನಾನು ಅವನ ಮುಖವೆಂದು ನೋಡುತ್ತ ಬಂದದ್ದು ನಾನೇ ತಿದ್ದಿದ ಮುಖವನ್ನು. ಎದುರಿಗೆ ಕೂತಾಗಲೂ, ಕ್ಯಾಮೆರಾದೊಳಗಿಂದ ನೋಡುವಾಗಲೂ, ಸಣ್ಣ ಕಣ್ಣು ನನಗೆ ಕಂಡಿರಲಿಲ್ಲ. ಆಕೆಗೆ ಅರ್ಧ ಗಂಟೆ ಸಾಕಾಯಿತು. ಕ್ಯಾಪ್ಟನ್ ಕೂರುವುದು ಎಡಗಡೆಯ ಸೀಟಿನಲ್ಲಿ. ಪಕ್ಕದ ಸೀಟಿನಿಂದ ನೋಡುವವರಿಗೆ ಕಾಣುವುದು ಅವನ ಬಲಗಣ್ಣೇ.

ಅಂದು ಮಧ್ಯಾಹ್ನದಿಂದ ಮುಂದಿನದನ್ನು ನಿಧಾನವಾಗಿ ಬರೆಯಬೇಕು. ಗೌರವ್ವ ಹೋದಳು. ಸಾವುಕಾರರು ಮುಧೋಳಕ್ಕೆ ಒಂದು ಮದುವೆಗೆ ಹೋಗಿದ್ದರು; ಎರಡೂ ತಲೆಗಳಿಗೆ ಒಂದು, ಎರಡು ಎಂದು ಹೆಸರಿಟ್ಟು ಐದು ಗಂಟೆಯೊಳಗೆ ಕಳಿಸುವ ಕೆಲಸ ನನಗೆ ಒಪ್ಪಿಸಿದ್ದರು. ನನ್ನದಕ್ಕೆ ಒಂದು ಎಂದಿಟ್ಟೆ. ಸಾಲಿಯಿಂದ ಮಗನಿಗೆ ಜ್ವರ ಬಂದಿದೆ ಎಂದು ಫೋನ್ ಬಂದು ಲಕ್ಕವ್ವ ಅವಸರದಲ್ಲಿ ಹೊರಟಳು. ಬಾಗಿಲಲ್ಲಿ ತಿರುಗಿ, "ಕಾಕಾ, ನಂದೂ ಒಂದ ಸಲ ನೋಡಿ ಕಳಸರಿ. ಏನರ ತಪ್ಪಿದ್ರ ತಿದ್ದರಿ," ಎಂದಳು. ಹೀಗೆ ಅಂದಳೆಂದು ನನಗೆ ನೆನಪಿದೆ. ಈ ಮಾತು ನನಗೆ ಅನುಕೂಲವಾಗಿದೆ, ಆದ್ದರಿಂದ ಇದನ್ನೂ ಪೂರ್ತಿ ನಂಬಬೇಡಿ.

ಆಕೆಯ ಫೈಲು ತೆರೆದೆ. ಆ ಕಣ್ಣು ನನ್ನನ್ನು ದಾಟಿ ರಸ್ತೆಯನ್ನು ನೋಡುತ್ತಿತ್ತು. ನಾನು ಕನ್ನಡಿ ಗುಂಡಿ ಒತ್ತಿದೆ.

ಎಡಗಣ್ಣು ಬಲಕ್ಕೆ ಬಂತು. ಎರಡೂ ಕಣ್ಣು ಸಮ. ಶಿವಲಿಂಗ ಹೋಗಿಬಿಟ್ಟ. ಉಳಿದದ್ದು ನಾನು ಮಾಡಿದಂಥದ್ದೇ ಒಂದು ಚಂದದ ತಲೆ. ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಆಗಲೇ ಕರೆಂಟು ಹೋಯಿತು. ಬನಹಟ್ಟಿಯಲ್ಲಿ ಕರೆಂಟು ಹೋದರೆ ಕತ್ತಲೆಗಿಂತ ಮೊದಲು ಮೌನ ಬರುತ್ತದೆ: ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು, ನೆಲದ ನಡುಕ ನಿಂತಿತು. ಯುಪಿಎಸ್ ಕೂಗತೊಡಗಿತು, ಅದು ತಡೆಯುವುದು ಅರ್ಧ ನಿಮಿಷವೂ ಇಲ್ಲ. ನಾನು ಎರಡು ಕೆಲಸ ಮಾಡಿದೆ. ಮಾಡಿದ್ದನ್ನು ಹಿಂದಕ್ಕೆ ತೆಗೆಯುವ ಕೀಲಿ ಒತ್ತಿದೆ. ಉಳಿಸುವ ಕೀಲಿ ಒತ್ತಿದೆ. ಯಾವುದು ಮೊದಲು, ಯಾವುದು ಆಮೇಲೆ? ಒಂದು ನೆನಪಿನಲ್ಲಿ ಸಣ್ಣ ಕಣ್ಣು ಮರಳಿ ಬಂದದ್ದನ್ನು ನೋಡಿ, ಎದೆ ಹಗುರಾಗಿ, ಆಮೇಲೆ ಉಳಿಸುತ್ತೇನೆ. ಇನ್ನೊಂದರಲ್ಲಿ ಗಾಬರಿಯಿಂದ ಮೊದಲು ಉಳಿಸಿ, ಹಿಂದಕ್ಕೆ ತೆಗೆಯುವಷ್ಟರಲ್ಲಿ ಪರದೆ ಆರಿಹೋಗುತ್ತದೆ. ಎರಡರಲ್ಲೂ ನನ್ನ ಬೆರಳುಗಳು ಸ್ಪಷ್ಟವಾಗಿ ಕಾಣುತ್ತವೆ.

ಕರೆಂಟು ಬಂತು. ಮಗ್ಗಗಳು ಶುರುವಾದವು. ಫೈಲು ತೆರೆದು ನೋಡಿದ್ದರೆ ಒಂದು ನಿಮಿಷದ ಕೆಲಸ. ತೆರೆಯಲಿಲ್ಲ. ಎರಡನ್ನೂ ಕಳಿಸಿ, ಚಪ್ಪಲಿ ಮೆಟ್ಟಿ, ಜಮಖಂಡಿಯ ಬಸ್ ಹಿಡಿದೆ.

ಮೂರನೆಯ ದಿನ ಒಂದೇ ಸಾಲಿನ ಉತ್ತರ: ಒಂದನೆಯದು ಇರಲಿ. ಕಾರಣ ಬರೆದಿರಲಿಲ್ಲ. ಸಾವುಕಾರರು ನನ್ನ ಬೆನ್ನು ತಟ್ಟಿದರು. ಲಕ್ಕವ್ವ, "ಹಿರ್‍ಯಾರ ಕೈ ಹಿರ್‍ಯಾರ ಕೈನ ಬಿಡ್ರಿ," ಎಂದು ಪೇಡೆ ತಿಂದಳು. ಮರುದಿನದಿಂದ ಕೂದಲು ಮಾಡಲು ಕೂತಳು. ಆ ಫೈಲು ನಮ್ಮ ಡಿಸ್ಕಿನಲ್ಲಿ ಇನ್ನೂ ಮೂರು ವಾರ ಇತ್ತು. ದಿನಾಲೂ ಅದರ ಹೆಸರು ನೋಡುತ್ತಿದ್ದೆ. ಜಾಗ ಸಾಲದೆ ಸಾವುಕಾರರು ಹಳೆಯದನ್ನೆಲ್ಲ ಅಳಿಸಿದ ದಿನ ನನಗಾದದ್ದು ನೆಮ್ಮದಿ. ಆ ನೆಮ್ಮದಿ ಒಳ್ಳೆಯ ಸಾಕ್ಷಿಯಲ್ಲ.

ಶಿವಲಿಂಗನಿಗೆ ಕ್ಯಾಪ್ಟನ್ನನ್ನು ತೋರಿಸಿದೆವು. "ಭಾಳ ಚಂದ ಅದಾನ್ರಿ ಮಾಮಾ. ನನಗ ಒಬ್ಬ ತಮ್ಮ ಇದ್ದಿದ್ರ ಹಿಂಗ ಇರತಿದ್ದ," ಎಂದ.

ಲಕ್ಕವ್ವ ಆರು ತಿಂಗಳು ಕೂದಲು, ಟೊಪ್ಪಿಗೆ ಮಾಡಿ ಕೆಲಸ ಬಿಟ್ಟಳು. ಮನೆಯಲ್ಲೇ ಕೂತು ಬೇರೆಯವರಿಗೆ ಮುಖಗಳನ್ನು ಮಾಡತೊಡಗಿದಳು. ಈಗ ಯಂತ್ರ ಕಟ್ಟಿದ ತಲೆಗಳನ್ನೂ ಆಕೆಗೆ ಕಳಿಸುತ್ತಾರೆ, ಜೀವ ತುಂಬಿಕೊಡಿ ಎಂದು. ಯಾರಾದರೂ ಇದನ್ನು ನನ್ನೆದುರು ಹೇಳಿದರೆ ನಾನು ಹೌದು ಹೌದು ಎಂದು ತಲೆಯಾಡಿಸುತ್ತೇನೆ, ಒಳಗೆ ಈಗಲೂ ಉರಿಯುತ್ತದೆ. ವಯಸ್ಸಾದರೆ ಆರುತ್ತದೆ ಎಂದುಕೊಂಡಿದ್ದೆ, ಆರಿಲ್ಲ.

ಫೋನ್ ಮಾಡಿದ ದಿನ ಆಕೆಯೇ ಆ ಮಾತು ತೆಗೆದಳು. "ಆ ಡ್ರೈವರಣ್ಣಾರ ತಲಿ ನನ್ನ ಹತ್ತಿರ ಐತ್ರಿ ಕಾಕಾ. ಹುಡುಗ್ರಿಗೆ ತೋರಸ್ತೇನಿ."

"ಅದು ಹೆಂಗ ಉಳೀತು?"

"ಅವತ್ತ ಮಧ್ಯಾಹ್ನ, ಗೌರವ್ವ ಕಾಕು ನೋಡಿದ ಮ್ಯಾಲ, ಪೆನ್‌ಡ್ರೈವಿಗಿ ಹಾಕ್ಕೊಂಡಿದ್ನಿ. ನಮ್ಮವ್ವಗ ತೋರಸೂದಿತ್ತು."

"ಕಣ್ಣು?" ಎಂದೆ.

"ಯಾವ ಕಣ್ಣರಿ?"

ನಾನು ಬೇರೆ ಮಾತು ತೆಗೆದೆ.

ಲಕ್ಕವ್ವಾ, ನಿನ್ನ ಬಳಿ ಇರುವುದು ನಾನು ಮುಟ್ಟುವ ಮೊದಲಿನದು. ಅದರಲ್ಲಿ ಬಲಗಣ್ಣು ಸಣ್ಣದಾಗಿಯೇ ಇರುತ್ತದೆ, ಅದನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ಅವರು ನಿನ್ನ ತಲೆಯನ್ನು ನೋಡಿ ಬೇಡವೆಂದರೋ, ನಾನು ಕೆಡಿಸಿದ ತಲೆಯನ್ನು ನೋಡಿ ಬೇಡವೆಂದರೋ, ಕೂದಲು ಮಾಡುತ್ತ ಕೂತ ಆರು ತಿಂಗಳು ನಿನಗೆ ಇದರ ಸುಳಿವು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.